ಕಾಡಿನ ಜನರ ಜತೆ ನಿಂತ ಅಪ್ಪ ತೀರಿಕೊಂಡ ಮೇಲೆ: ಅವರ ಕಾಗದ, ಕ್ಯಾಸೆಟ್ಟು, ಫೋಟೋಗಳನ್ನು ಏನು ಮಾಡಬೇಕು

ಕಾಡಿಗಾಗಿ, ಕಾಡಿನ ಜನರ ಹಕ್ಕಿಗಾಗಿ ಜೀವನವಿಡೀ ಓಡಾಡಿದವರು ತೀರಿಕೊಂಡರೆ ಮನೆ ತುಂಬ ಕಾಗದ ಉಳಿಯುತ್ತದೆ. ಅರ್ಜಿಗಳ ಕಾರ್ಬನ್ ಪ್ರತಿ, ಸಭೆಯ ನಡಾವಳಿ, ಕೈಯಲ್ಲಿ ಬರೆದ ನಕ್ಷೆ, ಕೋರ್ಟಿನ ನಕಲು, ಹಕ್ಕಿಗಳ ಪಟ್ಟಿ, ಹೆಸರಿಲ್ಲದ ಕ್ಯಾಸೆಟ್ಟು, ಯಾರದೆಂದು ಗೊತ್ತಿಲ್ಲದ ಫೋಟೋ. ನೋಡಿದರೆ ಎದೆ ಭಾರ ಆಗುತ್ತದೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ತೋಚುವುದಿಲ್ಲ.

ನಮ್ಮಪ್ಪ ಮೇಷ್ಟ್ರಾಗಿದ್ದರು. ರಜೆ ಸಿಕ್ಕರೆ ಸಾಕು, ಬಿಳಿಗಿರಿರಂಗನ ಬೆಟ್ಟದ (ಬಿ.ಆರ್. ಬೆಟ್ಟದ) ಸೋಲಿಗ ಆದಿವಾಸಿಗಳ ಪೋಡುಗಳಿಗೆ, ಅಂದರೆ ಅವರ ಊರುಗಳಿಗೆ, ಹೊರಟುಬಿಡುತ್ತಿದ್ದರು. ಆಮೇಲಾಮೇಲೆ ಎಚ್.ಡಿ. ಕೋಟೆ ಕಡೆಯ ಜೇನು ಕುರುಬ ಆದಿವಾಸಿಗಳ ಹಾಡಿಗಳಿಗೂ (ಅಲ್ಲಿ ಊರಿಗೆ ಹಾಡಿ ಅನ್ನುತ್ತಾರೆ). ಅರ್ಜಿ ಬರೆದುಕೊಟ್ಟರು, ಸಭೆಗಳಲ್ಲಿ ಕೂತು ನಡಾವಳಿ ಬರೆದರು, ಅರಣ್ಯ ಕೇಸು ಬಿದ್ದವರ ಜತೆ ಕೋರ್ಟಿಗೆ ಅಲೆದರು, ಮಧ್ಯೆ ಮಧ್ಯೆ ಹಕ್ಕಿ ನೋಡಿದರು, ಮಳೆ ಲೆಕ್ಕ ಬರೆದಿಟ್ಟರು. ದೊಡ್ಡ ಹೆಸರೇನೂ ಮಾಡಲಿಲ್ಲ. ಇಂಥವರು ನಮ್ಮ ಕಾಡಂಚಿನ ತಾಲ್ಲೂಕುಗಳಲ್ಲಿ ಎಷ್ಟೋ ಜನ ಇದ್ದರು, ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಇಟ್ಟುಕೊಂಡ ನಿಯಮ ಒಂದೇ. ಅಪ್ಪ ಯಾರಿಗಾಗಿ ಬರೆದರೋ ಅವರ ಕೈಗೆ ಅದು ತಲುಪಬೇಕು, ಅವರ ಕೆಲಸಕ್ಕೆ ಬರಬೇಕು. ಫೋಟೋಗೆ ಹಾರ ಹಾಕುವುದು, ಪುಸ್ತಕ ಮಾಡುವುದು, ಸಮಾರಂಭ ಮಾಡುವುದು ಎಲ್ಲ ಅದಾದ ಮೇಲೆ. ಕೆಳಗೆ ಬರೆದಿರುವುದೆಲ್ಲ ಈ ನಿಯಮದಿಂದಲೇ ಹುಟ್ಟಿದ್ದು.

ಮೊದಲು ಏನನ್ನೂ ಎಸೆಯಬೇಡಿ, ಜೋಡಿಸಲೂ ಬೇಡಿ

ಕಾರ್ಯ ಮುಗಿದ ಮೇಲೆ ಮನೆಗೆ ಬಂದ ನೆಂಟರು ಪ್ರೀತಿಯಿಂದಲೇ ಸಹಾಯಕ್ಕೆ ನಿಲ್ಲುತ್ತಾರೆ. ರೂಮು ಗುಡಿಸಿ, ಹಳೇ ಪೇಪರ್ ಕಟ್ಟಿ ರದ್ದಿಗೆ ಹಾಕೋಣ ಅನ್ನುತ್ತಾರೆ. ಆ ರೂಮಿಗೆ ಬೀಗ ಹಾಕಿ. ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಆಮೇಲೆ ಒಂದು ಬೆಳಗ್ಗೆ ಮೊಬೈಲು ಹಿಡಿದು ಕಪಾಟು, ಮೇಜು, ಅಟ್ಟ, ಟ್ರಂಕು ಎಲ್ಲದರ ಫೋಟೋ ತೆಗೆಯಿರಿ. ಯಾವ ಕಟ್ಟು ಯಾವುದರ ಪಕ್ಕ ಇತ್ತು ಅನ್ನುವುದೂ ಒಂದು ಮಾಹಿತಿ. ಅಪ್ಪ ಒಂದು ಅರ್ಜಿಯ ಜತೆ ಅದಕ್ಕೆ ಬಂದ ಉತ್ತರ, ಅವತ್ತಿನ ಬಸ್ ಟಿಕೆಟ್ಟು, ಪೇಪರ್ ಕಟಿಂಗು ಸೇರಿಸಿ ಇಟ್ಟಿರುತ್ತಾರೆ. ನಾವು ಚೆನ್ನಾಗಿ ಮಾಡ್ತೀವಿ ಅಂತ ಅರ್ಜಿಗಳನ್ನೆಲ್ಲ ಒಂದು ಕಡೆ, ಟಿಕೆಟ್ಟುಗಳನ್ನೆಲ್ಲ ಒಂದು ಕಡೆ ಹಾಕಿದರೆ ಆ ಕಥೆ ಹೋಯಿತು. ತಾರೀಕು ಇಲ್ಲದ ಅರ್ಜಿ ಯಾವ ವರ್ಷದ್ದು ಅಂತ ಹೇಳುವುದು ಕೆಲವು ಸಲ ಆ ಟಿಕೆಟ್ಟು ಮಾತ್ರ. ಅದಕ್ಕೇ ಒಂದು ಕಟ್ಟಿನ ಕಾಗದವನ್ನು ಇನ್ನೊಂದಕ್ಕೆ ಬೆರೆಸಬೇಡಿ. ಪ್ರತಿ ಕಟ್ಟಿಗೂ ಒಂದು ಚೀಟಿ ಇಟ್ಟು ಸೀಸದ ಕಡ್ಡಿಯಲ್ಲಿ ನಂಬರ್ ಬರೆಯಿರಿ.

ಒಂದು ಉದ್ದನೆಯ ನೋಟ್‌ಬುಕ್ಕು ತಗೊಂಡು ಪಟ್ಟಿ ಶುರು ಮಾಡಿ. ಕಟ್ಟಿನ ನಂಬರು, ಸಿಕ್ಕಿದ ಜಾಗ, ಒಳಗೆ ಏನಿದೆ, ಯಾವ ಊರು ಅಥವಾ ಪೋಡಿನ ವಿಷಯ, ಸುಮಾರು ಯಾವ ವರ್ಷ, ಕಾಗದದ ಸ್ಥಿತಿ. ಇನ್ನೊಂದು ಕಾಲಂ ಮರೆಯಬೇಡಿ: ಇದು ನಿಜವಾಗಿ ಯಾರದ್ದು? ಪೋಡಿನ ಸಭೆಯ ನಡಾವಳಿ ಪುಸ್ತಕ ನಮ್ಮ ಮನೆಯಲ್ಲಿ ಇದ್ದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಅಪ್ಪ ಜೋಪಾನ ಮಾಡಲಿ ಅಂತ ಕೊಟ್ಟಿದ್ದು ಅದು. ಈ ಕಾಲಂ ತುಂಬುತ್ತಾ ಹೋದಂತೆ ಅರ್ಧಕ್ಕರ್ಧ ಕಾಗದ ವಾಪಸ್ ಕೊಡಬೇಕಾದದ್ದು ಅಂತ ಗೊತ್ತಾಗುತ್ತದೆ.

ಗೆದ್ದಲು, ಬೂಸ್ಟು, ಸೆಲ್ಲೋಟೇಪು

ಈ ಭಾಗ ಬೇಗ ಹೇಳಿ ಮುಗಿಸುತ್ತೇನೆ. ತುಕ್ಕು ಹಿಡಿದ ಪಿನ್ನು, ರಬ್ಬರ್ ಬ್ಯಾಂಡು ನಿಧಾನಕ್ಕೆ ತೆಗೆಯಿರಿ. ಹರಿದ ಕಾಗದಕ್ಕೆ ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಕಾಲಕ್ರಮದಲ್ಲಿ ಕಂದು ಕಲೆಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲು ಆಗುವುದಿಲ್ಲ. ಬೂಸ್ಟು ಹಿಡಿದದ್ದನ್ನು ಬೇರೆ ಇಡಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತಗಿನ ಬ್ರಷ್‌ನಿಂದ ಒರೆಸಿ. ಬಿಸಿಲಿಗೆ ಹರಡಬೇಡಿ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ, ನೆಲದಿಂದ ಎತ್ತರದಲ್ಲಿ ಕಬ್ಬಿಣದ ಬೀರುವಿನಲ್ಲಿ ಇಟ್ಟರೆ ಮನೆಮಟ್ಟಿಗೆ ಸಾಕು. ಪೇಪರ್ ಕಟಿಂಗುಗಳ ಕಾಗದ ತನ್ನೊಳಗಿನ ಆಮ್ಲದಿಂದ ತಾನೇ ಪುಡಿಯಾಗುತ್ತದೆ, ಪಕ್ಕದ ಕಾಗದವನ್ನೂ ಹಾಳು ಮಾಡುತ್ತದೆ. ಹಾಗಾಗಿ ಅವನ್ನು ಮೊದಲು ಜೆರಾಕ್ಸ್ ಮಾಡಿಸಿ, ಜೆರಾಕ್ಸನ್ನು ಕಟ್ಟಿನಲ್ಲೇ ಬಿಟ್ಟು ಮೂಲವನ್ನು ಬೇರೆ ಇಡಿ.

ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲೇ ಸಾಕು. ಕಿಟಕಿ ಪಕ್ಕದ ಬೆಳಕು, ಫ್ಲ್ಯಾಶ್ ಬೇಡ, ಕ್ಯಾಮೆರಾ ಕಾಗದಕ್ಕೆ ನೇರ ಮೇಲೆ. ಕಾಗದದ ಹಿಂಬದಿಯನ್ನೂ ತೆಗೆಯಿರಿ, ಅಪ್ಪಂದಿರು ಮುಖ್ಯವಾದದ್ದನ್ನೆಲ್ಲ ಹಿಂದೆಯೇ ಗೀಚಿರುತ್ತಾರೆ! ಫೋಟೋಗಳನ್ನು ಮಾತ್ರ ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ ಮಾಡಿಸಿ. ಫಿಲಂ ರೋಲಿನಿಂದ ವಿನೆಗರ್ ವಾಸನೆ ಬಂದರೆ ಅದು ಕೊಳೆಯಲು ಶುರುವಾಗಿದೆ ಅಂತ ಅರ್ಥ, ಅದನ್ನು ಸಾಲಿನಲ್ಲಿ ಮುಂದೆ ತನ್ನಿ. ಎಲ್ಲದಕ್ಕೂ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಒಂದು ಬೇರೆ ಊರಿನಲ್ಲಿ.

ಕ್ಯಾಸೆಟ್ಟುಗಳಿಗೆ ಮೊದಲ ಸರದಿ

ಕಾಗದ ಇನ್ನೂ ಕೆಲವು ವರ್ಷ ಕಾಯುತ್ತದೆ. ಕ್ಯಾಸೆಟ್ಟು ಕಾಯುವುದಿಲ್ಲ. ಅದರಲ್ಲಿರುವ ಅಜ್ಜಂದಿರು, ಅಜ್ಜಿಯರು ಈಗ ಬಹುಪಾಲು ಇಲ್ಲ. ಅಪ್ಪನ ಕ್ಯಾಸೆಟ್ಟುಗಳಲ್ಲಿ ಗೊರುಕನ ಹಾಡುಗಳಿವೆ, ಹಳೆ ಪೋಡು ಬಿಟ್ಟು ಬಂದ ಕಥೆ ಇದೆ, ಸಭೆಯ ಗಲಾಟೆ ಇದೆ, ಒಂದರಲ್ಲಿ ಬರೀ ಮಳೆ ಸದ್ದು.

ಕೈಗೆತ್ತಿಕೊಂಡ ತಕ್ಷಣ ಮಾಡಬೇಕಾದ ಕೆಲಸ ಒಂದಿದೆ. ಕ್ಯಾಸೆಟ್ಟಿನ ಮೇಲ್ತುದಿಯಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತವೆ, ಅವನ್ನು ಮುರಿದುಬಿಡಿ. ಆಗ ಯಾರೂ ಮರೆತು ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲು ಆಗುವುದಿಲ್ಲ. ಬಿಳಿ ಬೂಸ್ಟು ಕಂಡರೆ ಹಾಕಿ ನೋಡಲೇಬೇಡಿ, ಟೇಪೂ ಹಾಳು, ಪ್ಲೇಯರೂ ಹಾಳು. ಅದನ್ನು ಗೊತ್ತಿರುವವರಿಗೆ ಕೊಡಿ. ಉಳಿದದ್ದನ್ನು ಮೊದಲು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ಪ್ಲೇಯರ್‌ನ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಯಿಂದ ಒರೆಸಿ. ಎಂಪಿ3 ಮಾಡಿ ಮುಗಿಸಬೇಡಿ. ಮೂಲ ಪ್ರತಿಯನ್ನು ವೇವ್ ಫೈಲ್ ಆಗಿ, ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಟ್ಟುಕೊಳ್ಳಿ, ಹಂಚಲು ಬೇಕಾದರೆ ಎಂಪಿ3 ಮಾಡಿ. ಕೆಮ್ಮು, ನಾಯಿ ಬೊಗಳುವುದು, ಅಪ್ಪ ಮಧ್ಯೆ ಬಾಯಿ ಹಾಕುವುದು ಯಾವುದನ್ನೂ ಕತ್ತರಿಸಬೇಡಿ.

ಆಮೇಲೆ ಅದನ್ನು ತಗೊಂಡು ಪೋಡಿಗೆ ಹೋಗಿ. ಹಾಡಿದವರ ಮಕ್ಕಳು, ಮೊಮ್ಮಕ್ಕಳು ಕೇಳಲಿ. ಅವರ ಮೊಬೈಲಿಗೆ ಆವತ್ತೇ ಹಾಕಿಕೊಡಿ. ಊರಿಗೆಲ್ಲ ಕೇಳಿಸಬಹುದಾ ಬೇಡವಾ ಅಂತ ಅವರೇ ಹೇಳಬೇಕು, ನಾವಲ್ಲ.

ಫೋಟೋದಲ್ಲಿರುವವರಿಗೆ ಹೆಸರು ಇದೆ

ಹಳೆಯ ಫೋಟೋಗಳ ಹಿಂದೆ ಅಪ್ಪನ ಗೆಳೆಯರು, ಅಧಿಕಾರಿಗಳು, ಬೆಂಗಳೂರಿನಿಂದ ಬಂದ ಸಂಶೋಧಕರು ಎಲ್ಲರ ಹೆಸರೂ ಇರುತ್ತದೆ. ಪೋಡಿನವರದ್ದು ಮಾತ್ರ ‘ಸೋಲಿಗ ಮಹಿಳೆ’, ‘ಆದಿವಾಸಿ ಮಕ್ಕಳು’. ನಮ್ಮಪ್ಪನ ಫೋಟೋಗಳಲ್ಲೂ ಹಾಗೇ ಇತ್ತು. ಅಪ್ಪನಿಗೆ ಆ ಹೆಸರುಗಳೆಲ್ಲ ಬಾಯಿಪಾಠ, ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ. ಅವರ ಜತೆ ಆ ಹೆಸರುಗಳೂ ಹೋಗಬಾರದು.

ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ಯಿರಿ. ಮೊಬೈಲ್ ಪರದೆಯಲ್ಲಿ ವಯಸ್ಸಾದವರಿಗೆ ಕಾಣುವುದಿಲ್ಲ. ಒಬ್ಬರನ್ನೇ ಕೇಳುವ ಬದಲು ಜಗುಲಿಯ ಮೇಲೆ ಹರಡಿ, ನಾಲ್ಕು ಜನ ಸೇರಲಿ, ಒಬ್ಬರಿಗೆ ಮುಖ ನೆನಪಾದರೆ ಇನ್ನೊಬ್ಬರಿಗೆ ಆ ಜಾಗ ನೆನಪಾಗುತ್ತದೆ. ಹೆಸರು, ಕುಲ, ಯಾವ ಪೋಡು, ಆಗ ಏನು ನಡೆದಿತ್ತು, ಈಗ ಇದ್ದಾರಾ. ಫೋಟೋದ ಹಿಂದೆ ಅಂಚಿನಲ್ಲಿ ಮೆತ್ತಗಿನ ಸೀಸದ ಕಡ್ಡಿಯಿಂದ ಬರೆಯಿರಿ, ಬಾಲ್ ಪೆನ್ ಬೇಡ. ಹೇಳಿದವರ ಹೆಸರನ್ನೂ ಬರೆಯಿರಿ. ಒಂದು ಪ್ರಿಂಟು ಅವರ ಮನೆಗೆ ಕೊಟ್ಟುಬನ್ನಿ. ಎಷ್ಟೋ ಮನೆಗಳಲ್ಲಿ ಅವರ ಅಜ್ಜನ ಒಂದೇ ಒಂದು ಫೋಟೋ ನಿಮ್ಮ ಟ್ರಂಕಿನಲ್ಲಿ ಇರುವುದು.

ಹಳೆ ಜಾಗದ ಹೆಸರುಗಳಿಗೂ ಇದೇ ಕೆಲಸ ಮಾಡಿ. ಬಿ.ಆರ್. ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಬೇಸಾಯ ನಿಂತಿತು, ಒಳಕಾಡಿನಲ್ಲಿದ್ದ ಕುಟುಂಬಗಳು ರಸ್ತೆ ಬದಿಯ ಪೋಡುಗಳಿಗೆ ಬಂದವು. ಅಪ್ಪನ ಡೈರಿಯಲ್ಲಿ ಬರುವ ಹೆಸರು ಈಗಿನ ಯಾವ ನಕ್ಷೆಯಲ್ಲೂ ಇಲ್ಲದಿರಬಹುದು. ಎಡಗಡೆ ಹಳೆ ಹೆಸರು, ಬಲಗಡೆ ಈಗ ಜನ ಆ ಜಾಗವನ್ನು ಗುರುತಿಸುವ ರೀತಿ, ಹೀಗೆ ಒಂದು ಪಟ್ಟಿ ಮಾಡಿ. ಮುಂದೆ ಬರುವ ಕೆಲಸಕ್ಕೆ ಇದು ಬೇಕೇ ಬೇಕು.

ಅಮ್ಮನನ್ನು ಕೇಳಿ

ಇದಕ್ಕೆ ಬೇರೆ ಶೀರ್ಷಿಕೆ ಕೊಟ್ಟಿದ್ದೇನೆ, ಯಾಕೆಂದರೆ ಬಹಳ ಮನೆಗಳಲ್ಲಿ ಇದೊಂದು ಬಿಟ್ಟು ಎಲ್ಲ ಮಾಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಕೋರ್ಟು ಕೆಲಸಕ್ಕೆ ಬಂದ ಆರು ಜನಕ್ಕೆ ಮತ್ತೆ ಒಲೆ ಹಚ್ಚಿದವರು ಅಮ್ಮ. ಅರ್ಜಿಗಳನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದವರೂ ಅಮ್ಮನೇ. ನಮ್ಮನೆಯ ಕಟ್ಟುಗಳಲ್ಲಿ ಎಷ್ಟೋ ಕಾಗದ ಅಮ್ಮನ ಕೈಬರಹದಲ್ಲಿವೆ. ಅಪ್ಪ ಅರೆಸ್ಟ್ ಆಗಬಹುದು ಅಂತ ಗೊತ್ತಿದ್ದೂ ಬ್ಯಾಗಿಗೆ ಬಟ್ಟೆ ಹಾಕಿಕೊಟ್ಟ ದಿನಗಳ ಲೆಕ್ಕ ಯಾವ ಡೈರಿಯಲ್ಲೂ ಇಲ್ಲ. ಪಕ್ಕದಲ್ಲಿ ಕೂತು, ಒಂದೊಂದೇ ಕಟ್ಟು ಬಿಚ್ಚುತ್ತಾ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಸುಮ್ನೆ ‘ಅಪ್ಪನ ಬಗ್ಗೆ ಹೇಳಮ್ಮಾ’ ಅಂದರೆ ಅವರು ಅಳುತ್ತಾರೆ. ‘ಈ ಕಾಗದ ಬರೆದ ದಿನ ಯಾರು ಯಾರು ಬಂದಿದ್ದರು?’ ಅಂದರೆ ಮಾತು ಶುರುವಾಗುತ್ತದೆ.

ಅಪ್ಪನ ಕಾಗದ ಹಕ್ಕಿಗೆ ಸಾಕ್ಷ್ಯ ಆಗುವುದು ಹೇಗೆ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ.

ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರಲ್ಲಿ. ಅದರಡಿ ಹಕ್ಕು ಕೇಳುವವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿಂದ ಆ ಕಾಡಿನಲ್ಲಿ ಇದ್ದೆವು, ಅದನ್ನು ನಂಬಿ ಬದುಕಿದೆವು ಅಂತ ತೋರಿಸಬೇಕು. ಗುಡಿಸಲು ಕಳೆದುಕೊಂಡು ಹೊರಬಿದ್ದವರ ಹತ್ತಿರ ಕಾಗದ ಎಲ್ಲಿಂದ ಬರಬೇಕು? ರೇಷನ್ ಕಾರ್ಡು ಕೊಟ್ಟಿದ್ದೇ ಎಷ್ಟೋ ಕಾಲದ ಮೇಲೆ. ‘ಸಾಕ್ಷ್ಯ ಇಲ್ಲ’ ಅನ್ನುವ ಒಂದು ಸಾಲಿನಲ್ಲಿ ಅರ್ಜಿಗಳು ಬಿದ್ದುಹೋಗುತ್ತವೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ತಿರಸ್ಕೃತ ಅರ್ಜಿದಾರರನ್ನು ಹೊರಹಾಕಲು ಹೇಳಿತ್ತು. ಅದೇ ತಿಂಗಳು 28ಕ್ಕೆ ಆ ಆದೇಶಕ್ಕೆ ತಡೆ ಬಂತು. ನಾಗರಹೊಳೆಯಲ್ಲಿ 2025ರ ಮೇ ತಿಂಗಳಲ್ಲಿ ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆ ಜಾಗಕ್ಕೆ ಮರಳಿ ಗುಡಿಸಲು ಹಾಕಿದಾಗಲೂ ಜಗಳ ಅದೇ: ಇವರು ಇಲ್ಲಿ ಇದ್ದರಾ, ಇಲ್ಲವಾ? ಇಂಥ ಕಡೆ ಹಳೇ ಮೇಷ್ಟ್ರೊಬ್ಬರ ಡೈರಿಗೆ, ಹೆಬ್ಬೆಟ್ಟು ಒತ್ತಿದ ನಡಾವಳಿಗೆ ಎಷ್ಟು ಬೆಲೆ ಇದೆ ಯೋಚಿಸಿ.

ಕಾಯ್ದೆಯ ನಿಯಮಗಳಲ್ಲಿ 13ನೆಯದನ್ನು ಓದಿ. ಏನೇನು ಸಾಕ್ಷ್ಯ ಆಗುತ್ತದೆ ಅಂತ ಅಲ್ಲಿದೆ. ಸರ್ಕಾರಿ ದಾಖಲೆ, ಕೋರ್ಟಿನ ಕಾಗದ, ಸಂಸ್ಥಾನದ ಕಾಲದ ನಕ್ಷೆ ಇವೆಲ್ಲ ಸರಿ. ಅದರ ಜತೆ ಮನೆ, ಬದು, ಬಾವಿ, ಹೆಣ ಹೂಳುವ ಜಾಗ, ದೇವರ ಜಾಗ, ಗೆಡ್ಡೆ ಗೆಣಸು ಮತ್ತು ಹಣ್ಣು ಕೀಳುವ ಜಾಗ, ನೀರಿನ ಸೆಲೆ, ನಾಟಿ ಔಷಧಿ ತರುವ ಜಾಗ, ಸಂಶೋಧನೆಗಳು, ವಂಶಾವಳಿ, ಹಿರಿಯರು ಹೇಳಿ ಬರೆಸಿದ ಹೇಳಿಕೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯವನ್ನು ಪರಿಗಣಿಸಬೇಕು ಅಂತ ಅದೇ ನಿಯಮ ಹೇಳುತ್ತದೆ. ಅಂದರೆ ಅಪ್ಪನ ಡೈರಿ ಒಂದೇ ಕೇಸು ಗೆಲ್ಲಿಸುವುದಿಲ್ಲ. ಹಿರಿಯರ ಹೇಳಿಕೆಗೆ, ನೆಲದ ಮೇಲೆ ಇನ್ನೂ ಕಾಣುವ ಗುರುತಿಗೆ ಅದು ಹೆಗಲು ಕೊಡುತ್ತದೆ. ಅಜ್ಜಿಯೊಬ್ಬರು ಇಲ್ಲಿ ನಮ್ಮ ಹುಣಸೆ ಮರ ಇತ್ತು ಅನ್ನುತ್ತಾರೆ, ಅಪ್ಪನ ನಕ್ಷೆಯಲ್ಲಿ ಅದೇ ಮರ ಇರುತ್ತದೆ, ಹೋಗಿ ನೋಡಿದರೆ ಮರ ಅಲ್ಲೇ ನಿಂತಿರುತ್ತದೆ. ಮೂರೂ ಸೇರಿದಾಗ ಅದು ಗಟ್ಟಿ.

ಸೋಲಿಗರು ಇದನ್ನು ಮಾಡಿ ತೋರಿಸಿದವರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಅವರ ಒಂದೊಂದು ಕುಲದ ಯೆಲ್ಲೆಯೊಳಗೂ (ಕುಲದ ಗಡಿಯೊಳಗೂ) ಪವಿತ್ರ ಜಾಗಗಳಿವೆ. ಹಿರಿಯರು ನಡೆದು ತೋರಿಸಿ, ಸಂಶೋಧಕರ ಜತೆ ಸೇರಿ ಅವನ್ನೆಲ್ಲ ನಕ್ಷೆಯ ಮೇಲೆ ತಂದರು. ಬಿ.ಆರ್. ಬೆಟ್ಟ 2011ರ ಶುರುವಿಗೆ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಅಪ್ಪ ಅವತ್ತು ಮನೆಗೆ ಬಂದಾಗ ಅವರ ಮುಖ ನೋಡಬೇಕಿತ್ತು.

ಈಗ ಕ್ರಮ ಹೇಳುತ್ತೇನೆ. ನೀವೇ ನೇರ ತಹಶೀಲ್ದಾರರ ಬಳಿಗೋ ಅರಣ್ಯ ಇಲಾಖೆಗೋ ಕಾಗದ ಹಿಡಿದು ಓಡಬೇಡಿ. ಹಕ್ಕು ಗ್ರಾಮಸಭೆಯದ್ದು. ಮೊದಲು ಪೋಡಿನ ಯಜಮಾನರು, ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯವರ ಜತೆ ಕೂತು ನಿಮ್ಮ ಪಟ್ಟಿಯನ್ನು ಓದಿ ಹೇಳಿ. ಯಾವುದು ಬೇಕು ಅಂತ ಅವರು ಆರಿಸಲಿ. ವೈಯಕ್ತಿಕ ಹಕ್ಕಿಗೆ ಫಾರ್ಮ್ ‘ಎ’, ಸಮುದಾಯ ಹಕ್ಕಿಗೆ ‘ಬಿ’, ಇಡೀ ಸಮುದಾಯದ ಅರಣ್ಯ ಸಂಪನ್ಮೂಲಕ್ಕೆ ‘ಸಿ’. ಯಾವ ಕಾಗದ ಯಾವುದಕ್ಕೆ ಅನ್ನುವುದು ಅಲ್ಲೇ ತೀರ್ಮಾನ ಆಗಲಿ. ಆಯ್ದ ಕಾಗದಗಳಿಗೆ ನೋಟರಿಯಿಂದ ದೃಢೀಕರಿಸಿದ ಪ್ರತಿ ಮಾಡಿಸಿ. ‘ಇದು ನನ್ನ ತಂದೆಯ ಕೈಬರಹ, ಇಂಥ ಕಟ್ಟಿನಲ್ಲಿ ಸಿಕ್ಕಿತು’ ಅಂತ ನೀವೊಂದು ಅಫಿಡವಿಟ್ ಮಾಡಿಕೊಡಿ. ಡೈರಿಯ ಒಂದೇ ಪುಟ ಕೊಡುವ ಬದಲು ಹಿಂದಿನ, ಮುಂದಿನ ಪುಟಗಳೂ ಇರಲಿ, ಆಗ ಅದು ಆಮೇಲೆ ಬರೆದದ್ದು ಅಂತ ಯಾರೂ ಅನ್ನಲು ಆಗುವುದಿಲ್ಲ. ಅರ್ಜಿಯ ಜತೆ ಮೂಲ ಪ್ರತಿ ಯಾರಿಗೂ ಕೊಡಬೇಡಿ, ತೋರಿಸಿ, ವಾಪಸ್ ತನ್ನಿ. ಗ್ರಾಮಸಭೆಯ ನಿರ್ಣಯದಲ್ಲಿ ಈ ಕಾಗದಗಳ ಹೆಸರು ಬರಲಿ. ಸಭೆಗೆ ಕೋರಂ ಅರ್ಧದಷ್ಟು ಸದಸ್ಯರು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು; ಇದನ್ನು ಸರಿಯಾಗಿ ಬರೆಯದೆ ಇದ್ದರೆ ನಂತರ ತಕರಾರು ತೆಗೆಯುತ್ತಾರೆ. ಗ್ರಾಮಸಭೆಯ ನಿರ್ಣಯ ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿಗೆ ಕೊಟ್ಟಾಗ ಸೀಲು, ಸಹಿ, ತಾರೀಕು ಇರುವ ಸ್ವೀಕೃತಿ ಪಡೆದೇ ಹೊರಡಿ.

ಅರ್ಜಿ ಈಗಾಗಲೇ ತಿರಸ್ಕಾರ ಆಗಿದ್ದರೆ ಯಾಕೆ ಅಂತ ತಿಳಿಯಬೇಕು. ಗ್ರಾಮಸಭೆಯ ನಿರ್ಣಯದ ಮೇಲೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗಲು 60 ದಿನಗಳ ಗಡುವು ಇದೆ. ಕಾಗದವೇ ಕೈಗೆ ಕೊಟ್ಟಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ: 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, ಕರ್ನಾಟಕದಲ್ಲಿ 150 ಪದ ಮೀರಬಾರದು, 30 ದಿನದಲ್ಲಿ ಉತ್ತರ. ಇನ್ನೊಂದು ವಿಷಯ ಎಲ್ಲರ ಬಾಯಲ್ಲೂ ಇರಬೇಕು. ಕಾಯ್ದೆಯ 4(5)ನೇ ಕಲಂ ಪ್ರಕಾರ, ಹಕ್ಕು ಗುರುತಿಸುವ ಮತ್ತು ಪರಿಶೀಲಿಸುವ ಕೆಲಸ ಮುಗಿಯುವ ತನಕ ಅರಣ್ಯವಾಸಿಗಳನ್ನು ಅವರ ಸ್ವಾಧೀನದ ಅರಣ್ಯ ಭೂಮಿಯಿಂದ ಎಬ್ಬಿಸುವಂತಿಲ್ಲ.

ಹಳೇ ಕೇಸಿನ ಕಾಗದಗಳನ್ನೂ ಕಡೆಗಣಿಸಬೇಡಿ. ನಾಗರಹೊಳೆಯೊಳಗೆ ಹೋಟೆಲ್ ಕಂಪನಿಯೊಂದಕ್ಕೆ ಕೊಟ್ಟ ಕಾಡಿನ ಗುತ್ತಿಗೆಯನ್ನು ಹೈಕೋರ್ಟು 1997ರಲ್ಲಿ ರದ್ದು ಮಾಡಿತು. ಆ ಅರ್ಜಿ ಹಾಕಿದ್ದು ಆದಿವಾಸಿಗಳ ಸಂಘಟನೆಯೇ. ಅಂಥ ಹೋರಾಟದ ಹಿಂದಿನ ಕರಪತ್ರ, ಸಹಿ ಪಟ್ಟಿ, ಸಭೆಯ ಚೀಟಿಗಳು ಸರ್ಕಾರಿ ಕಡತದಲ್ಲಿ ಇರುವುದಿಲ್ಲ. ನಿಮ್ಮಪ್ಪನ ಟ್ರಂಕಿನಲ್ಲಿ ಇರುತ್ತವೆ.

ಯಾವುದನ್ನು ಹೊರಗೆ ಹಾಕಬಾರದು

ಅಪ್ಪನ ಕೆಲಸ ಎಲ್ಲರಿಗೂ ಗೊತ್ತಾಗಲಿ ಅಂತ ಆಸೆ ಇರುತ್ತದೆ, ತಪ್ಪಲ್ಲ. ಆದರೆ ಕೆಲವನ್ನು ಅಂತರ್ಜಾಲಕ್ಕೆ ಹಾಕಲೇಬಾರದು. ಯಾವ ಮರಕ್ಕೆ ಹೆಜ್ಜೇನು ಕಟ್ಟುತ್ತದೆ, ಕಲ್ಲುಗುಡಿ ಎಲ್ಲಿದೆ, ಯಾವ ಬೇರು ಯಾವ ಕಾಯಿಲೆಗೆ, ಯಾವ ಹಾಡನ್ನು ಸಾವಿನ ಹೊತ್ತಿಗೆ ಮಾತ್ರ ಹಾಡುತ್ತಾರೆ, ಇವೆಲ್ಲ ನಂಬಿಕೆಯಿಂದ ಅಪ್ಪನಿಗೆ ಹೇಳಿದ್ದು. ಅರಣ್ಯ ಹಕ್ಕು ಕಾಯ್ದೆಯ 3ನೇ ಕಲಮಿನಲ್ಲೇ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯಕ್ಕೆ ಹಕ್ಕು ಇದೆ. ಅರಣ್ಯ ಕೇಸುಗಳಲ್ಲಿ ಆರೋಪಿಗಳಾಗಿದ್ದವರ ಹೆಸರು ಇರುವ ಕಾಗದ ತೋರಿಸುವುದಾದರೆ ಹೆಸರು ಮುಚ್ಚಿ, ಅವರ ಮೊಮ್ಮಕ್ಕಳು ಈಗ ಕೆಲಸಕ್ಕೆ ಅರ್ಜಿ ಹಾಕುತ್ತಿರುತ್ತಾರೆ. ಅಪರೂಪದ ಸೀತಾಳೆ ಗಿಡ, ಹದ್ದಿನ ಗೂಡು ಇರುವ ಜಾಗವೂ ಬೇಡ. ಫೋಟೋ ಹಾಕುವ ಮುನ್ನ ಅದರೊಳಗಿನ ಜಿಪಿಎಸ್ ಮಾಹಿತಿ ಅಳಿಸಿ.

ಕಾಗದ ನಿಮ್ಮದಾದರೂ ಅದರಲ್ಲಿನ ಮಾತು ನಿಮ್ಮದಲ್ಲದಿರಬಹುದು. ಅಪ್ಪ ಬರೆದದ್ದರ ಹಕ್ಕುಸ್ವಾಮ್ಯ, ಅವರು ಬೇರೆ ಉಯಿಲು ಮಾಡದಿದ್ದರೆ, ವಾರಸುದಾರರಾದ ನಿಮಗೆ ಬರುತ್ತದೆ, ಅವರು ತೀರಿಕೊಂಡು 60 ವರ್ಷದ ತನಕ. ಅಪ್ಪನಿಗೆ ಬೇರೆಯವರು ಬರೆದ ಪತ್ರದ ಹಕ್ಕು ಬರೆದವರದ್ದು. ಅಚ್ಚು ಹಾಕಿಸುವ ಮುಂಚೆ ಅವರನ್ನೋ ಅವರ ಮನೆಯವರನ್ನೋ ಕೇಳಿ.

ಇದಕ್ಕೆ ವಿರುದ್ಧವಾಗಿ, ಧಾರಾಳವಾಗಿ ಹಂಚಬೇಕಾದದ್ದೂ ಇದೆ. ಹಕ್ಕಿಗಳ ಹಳೇ ಪಟ್ಟಿಗಳನ್ನು ತಾರೀಕು, ಜಾಗ ಸಮೇತ ಹಕ್ಕಿ ನೋಡಿದ ಲೆಕ್ಕ ಸೇರಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಬಹುದು, ಹಳೆಯ ವರ್ಷಗಳದ್ದನ್ನೂ ಅದು ತೆಗೆದುಕೊಳ್ಳುತ್ತದೆ. ಮಳೆ ಲೆಕ್ಕ, ಮರ ಹೂ ಬಿಟ್ಟ ತಾರೀಕು, ಬೆಂಕಿ ಬಿದ್ದ ವರ್ಷ ಇವೆಲ್ಲ ಈಗ ಸಂಶೋಧಕರಿಗೆ ಬಂಗಾರ. ಬೇಸಿಗೆಯ ಮೊದಲಲ್ಲೇ ತರಗು ಬೆಂಕಿ ಹಾಕುತ್ತಿದ್ದಾಗ ಲಂಟಾನ ಕಳೆ ಇಷ್ಟು ಇರಲಿಲ್ಲ, ನೆಲ್ಲಿ ಮರಕ್ಕೆ ಬಂದಳಿಕೆ ಇಷ್ಟು ಹಿಡಿಯುತ್ತಿರಲಿಲ್ಲ ಅಂತ ಸೋಲಿಗ ಹಿರಿಯರು ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ! ಅಂಥ ಮಾತಿನ ಪಕ್ಕ ಇಡಲು ತಾರೀಕು ಸಮೇತ ಬರೆದ ನೋಟ್‌ಬುಕ್ಕು ಒಂದು ಸಿಕ್ಕರೆ ಅದು ಬೀರುವಿನಲ್ಲಿ ಕೂರಬಾರದು.

ಅಪ್ಪನ ಬಗ್ಗೆ ಬರೆಯುವಾಗ, ಸೇರುವಾಗ

‘ಆದಿವಾಸಿಗಳ ದನಿಯಾಗಿದ್ದರು’ ಅಂತ ಬರೆಯಬೇಡಿ. ಅವರಿಗೆ ದನಿ ಇತ್ತು, ಇದೆ. ಅಪ್ಪ ಬರೆದುಕೊಂಡರು, ಜತೆಗೆ ನಡೆದರು, ಅಷ್ಟು ಹೇಳಿದರೆ ಅವರ ಗೌರವ ಕಡಿಮೆ ಆಗುವುದಿಲ್ಲ. ಪೋಡು, ಹಾಡಿಗಳಲ್ಲಿ ಮುಂದೆ ನಿಂತು ಹೋರಾಡಿದವರ ಹೆಸರುಗಳನ್ನು ಅವರ ಒಪ್ಪಿಗೆ ಕೇಳಿ ಬರೆಯಿರಿ. ಸೋಲಿಗ, ಜೇನು ಕುರುಬ, ಬೆಟ್ಟ ಕುರುಬ, ಯರವ ಎಲ್ಲರನ್ನೂ ‘ಕಾಡುಜನ’ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ.

ಸೋತದ್ದನ್ನೂ ಬರೆಯಿರಿ. ಗೆಳೆಯರ ಜತೆ ಮುರಿದುಕೊಂಡದ್ದನ್ನೂ. ಕಾಡು ಉಳಿಯಬೇಕು ಅಂದರೆ ಜನ ಹೊರಗೆ ಹೋಗಬೇಕು ಅನ್ನುವವರು, ಜನ ಇದ್ದರೇ ಕಾಡು ಉಳಿಯುವುದು ಅನ್ನುವವರು, ಇಬ್ಬರೂ ನಮ್ಮನೆ ಜಗುಲಿಯಲ್ಲಿ ಕೂತು ಕಾಫಿ ಕುಡಿದಿದ್ದಾರೆ. ಕೊನೆಗೆ ಅರ್ಧ ಜನ ಬರುವುದು ನಿಲ್ಲಿಸಿದರು. ಅಪ್ಪನಿಗೆ ಆನೆ, ಹುಲಿ ಕಂಡರೆ ಪ್ರಾಣ. ಹುಲಿಯ ಹೆಸರಿನಲ್ಲಿ ಒಂದು ಹಾಡಿ ಎಬ್ಬಿಸಿದರೆ ರಾತ್ರಿಯೆಲ್ಲ ನಿದ್ದೆ ಮಾಡುತ್ತಿರಲಿಲ್ಲ. ಈ ಸಂಕಟ ಬಿಟ್ಟು ಬರೆದರೆ ಅದು ಅವರ ಬಗ್ಗೆ ಬರೆದ ಹಾಗೆ ಆಗುವುದೇ ಇಲ್ಲ.

ನುಡಿನಮನ ಇಟ್ಟುಕೊಳ್ಳುವುದಾದರೆ ಮೈಸೂರಿನ ಸಭಾಂಗಣಕ್ಕಿಂತ ಪೋಡಿನ ಶಾಲೆ ಅಂಗಳ ಒಳ್ಳೆಯದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬಹಳ ಜನ ಎಸ್ಟೇಟುಗಳಿಗೆ ಹೋಗಿರುತ್ತಾರೆ, ದಿನ ಗೊತ್ತು ಮಾಡುವ ಮೊದಲು ಯಜಮಾನರನ್ನು ಕೇಳಿ. ಕೂಲಿ ಬಿಟ್ಟು ಬರುವವರಿಗೆ ಊಟ, ಬಸ್ಸು ನಿಮ್ಮ ಖರ್ಚು. ಮೊದಲ ಮಾತು ಊರಿನ ಹಿರಿಯರದ್ದು, ನಗರದಿಂದ ಬಂದವರದ್ದು ಆಮೇಲೆ. ಮೈಕು ಬೇಡ, ಪ್ಲಾಸ್ಟಿಕ್ ಹಾರ ಬೇಡ, ಚೆಕ್‌ಪೋಸ್ಟ್ ಮುಚ್ಚುವ ಮೊದಲೇ ಎಲ್ಲರೂ ಕೆಳಗಿಳಿಯುವ ಹಾಗೆ ಮುಗಿಸಿ. ಅಪ್ಪನ ನೆನಪಿಗೆ ಅಂತ ಕಾಡಿನೊಳಗೆ ಸಸಿ ನೆಡಬೇಡಿ. ಕಾಡಿಗೆ ಏನು ಬೇಕು ಅಂತ ಕಾಡಿಗೆ ಗೊತ್ತಿದೆ, ಅನುಮತಿ ಇಲ್ಲದೆ ನೆಡುವಂತೆಯೂ ಇಲ್ಲ. ಕಲ್ಲಿನ ಫಲಕದ ಬಗ್ಗೆಯೂ ನನಗೆ ಒಲವಿಲ್ಲ. ಹಣ ಇದ್ದರೆ ಓದಿದ ಸೋಲಿಗ ಹುಡುಗನಿಗೋ ಹುಡುಗಿಗೋ ಸಂಬಳ ಕೊಟ್ಟು ಈ ಸ್ಕ್ಯಾನ್ ಮಾಡುವ, ಹೆಸರು ಬರೆಯುವ ಕೆಲಸ ಮಾಡಿಸಿ. ಅಪ್ಪನ ಗೀಚು ಅಕ್ಷರ ನಮಗಿಂತ ಚೆನ್ನಾಗಿ ಅವರಿಗೆ ಅರ್ಥ ಆಗುತ್ತದೆ, ಜಾಗದ ಹೆಸರು ಗೊತ್ತಿರುವುದು ಅವರಿಗೇ ಅಲ್ವಾ?

ಕೊನೆಗೆ ಎಲ್ಲಿ ಇಡಬೇಕು

ಎಲ್ಲವೂ ಒಂದೇ ಕಡೆ ಇರಬೇಕು ಅಂತಿಲ್ಲ. ನಡಾವಳಿ ಪುಸ್ತಕ, ಊರಿನವರು ಕೊಟ್ಟ ಕಾಗದ ಗ್ರಾಮಸಭೆಗೆ ವಾಪಸ್. ಕಾಡಿನ ಟಿಪ್ಪಣಿ, ಪತ್ರ, ಡೈರಿಗಳನ್ನು ಒಂದು ಸಂಗ್ರಹಾಗಾರಕ್ಕೆ ಕೊಡುವುದು ಒಳ್ಳೆಯದು, ಮನೆಯಲ್ಲಿ ಇನ್ನೊಂದು ತಲೆಮಾರು ಉಳಿಯುವುದು ಕಷ್ಟ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ (ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ) ವಿಜ್ಞಾನ, ಪರಿಸರಕ್ಕೆ ಸಂಬಂಧಿಸಿದ ಖಾಸಗಿ ಕಾಗದಗಳ ಸಂಗ್ರಹಾಗಾರ ಇದೆ. ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗ, ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆ. ಮೊದಲು ಪಟ್ಟಿ ಕಳಿಸಿ, ಅವರು ತೆಗೆದುಕೊಳ್ಳುತ್ತಾರಾ ಕೇಳಿ, ಹೋಗಿ ಕಪಾಟು ನೋಡಿ ಬನ್ನಿ.

ಕೊಡುವಾಗ ಬರವಣಿಗೆಯಲ್ಲಿ ಷರತ್ತು ಇರಲಿ. ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರ ಸಹಿಯೂ ಇರಲಿ, ಇಲ್ಲದಿದ್ದರೆ ಮುಂದೆ ಕಿರಿಕಿರಿ. ಯಾವ ಕಟ್ಟು ಎಷ್ಟು ವರ್ಷ ಮುಚ್ಚಿರಬೇಕು, ಯಾವುದನ್ನು ನೋಡಲು ಗ್ರಾಮಸಭೆಯ ಒಪ್ಪಿಗೆ ಬೇಕು, ಪೋಡಿನಿಂದ ಯಾರೇ ಬಂದು ಕೇಳಿದರೂ ದುಡ್ಡಿಲ್ಲದೆ ಪ್ರತಿ ಕೊಡಬೇಕು ಅಂತ ಸ್ಪಷ್ಟವಾಗಿ ಬರೆಸಿ. ಈ ಕೊನೆಯ ಷರತ್ತಿಗೆ ಒಪ್ಪದವರಿಗೆ ಕೊಡಬೇಡಿ.

ಕೊಟ್ಟಾದ ಮೇಲೆ ಆ ನೋಟ್‌ಬುಕ್ಕಿನ ಪಟ್ಟಿಯನ್ನು ಟೈಪ್ ಮಾಡಿಸಿ, ಯಾವ ಕಟ್ಟು ಈಗ ಎಲ್ಲಿದೆ ಅಂತ ಸೇರಿಸಿ, ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಒಂದು ಪ್ರತಿ ಅರಣ್ಯ ಹಕ್ಕು ಸಮಿತಿಗೆ, ಒಂದು ಸಂಗ್ರಹಾಗಾರಕ್ಕೆ, ಒಂದು ಕೇಸು ನಡೆಸುವ ವಕೀಲರಿಗೆ, ಒಂದು ಅಮ್ಮನ ಹತ್ತಿರ. ಕೆಳಗೆ ನಿಮ್ಮ ಫೋನ್ ನಂಬರ್ ಬರೆಯಿರಿ. ನಂಬರ್ ಬದಲಾದರೆ ನಾಲ್ಕೂ ಕಡೆ ತಿಳಿಸಿ.